ನಾನು ಬಂಡೆ ಹತ್ತಿದ್ದಕ್ಕೆ ಮಕ್ಕಳ ಶಿಬಿರ ಏಕೆ ರದ್ದು?

ನಮ್ಮ ಬಾಲಿಕೆಯರ ಪ್ರೌಢಶಾಲೆಯ ಆಡಳಿತ ಮಂಡಳಿಯ ಕಾರ್ಯಾಧ್ಯಕ್ಷರಿಗೆ,

ಮಾನ್ಯರೇ,

ಕಳೆದ ಸೋಮವಾರ ಶಾಲೆಯ ಸೂಚನಾ ಫಲಕದ ಮೇಲೆ ತಾವು ಹಚ್ಚಿಸಿರುವ ಸುತ್ತೋಲೆಯಲ್ಲಿ ಬರುವ 'ಪಾಲಕರೊಬ್ಬರು' ನಾನೇ. ತಾವು ಸೌಜನ್ಯದಿಂದ ನನ್ನ ಹೆಸರು ಬರೆಸಿಲ್ಲ. ಆದರೆ ಅಷ್ಟರೊಳಗೆ ನನ್ನ ಫೋಟೋ ಉಣಕಲ್ಲಿನಿಂದ ದೇಶಪಾಂಡೆ ನಗರದವರೆಗೆ ಎಲ್ಲರ ಮೊಬೈಲಿನಲ್ಲೂ ಓಡಾಡಿ ಬಂದಿದ್ದರಿಂದ ಆ ಸೌಜನ್ಯ ನನಗೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ನನ್ನನ್ನು ಬೈದಿದ್ದೀರಿ ಎಂದು ಈ ಪತ್ರ ಬರೆಯುತ್ತಿಲ್ಲ. ಬೇರೆ ಮನೆ ಮಾಡುವ ಮೊದಲು ಎಷ್ಟೋ ವರ್ಷ ತುಂಬಿದ ಮನೆಯಲ್ಲಿ ಹಿರಿಸೊಸೆಯಾಗಿ ಬಾಳಿದವಳಿಗೆ ಬೈಸಿಕೊಳ್ಳುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ನಾನು ಬಂಡೆ ಹತ್ತಿದೆ ಎಂಬ ಕಾರಣಕ್ಕೆ ಬರುವ ವರ್ಷದಿಂದ ಹೆಣ್ಣುಮಕ್ಕಳ ಬೆಟ್ಟದ ಸಾಹಸ ಶಿಬಿರವನ್ನೇ ರದ್ದು ಮಾಡಿದ್ದೀರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ತಮ್ಮ ಕಚೇರಿಗೆ ಬಂದು ಬಾಯಿಮಾತಿನಲ್ಲಿ ಹೇಳಿದೆ. ತಾವು ನನ್ನ ಗಂಡನ ಜೊತೆ ಮಾತಾಡಿದಿರಿ. ಪತ್ರಿಕೆಯಲ್ಲಾದರೆ ತಾವು ಅವರ ಕಡೆ ತಿರುಗಿ ಉತ್ತರ ಕೊಡುವುದು ಕಷ್ಟ ಎಂಬ ಆಸೆಯಿಂದ ಈ ದಾರಿ ಹಿಡಿದಿದ್ದೇನೆ.

ತಮ್ಮ ಸುತ್ತೋಲೆಯ ಭಾಷೆ ಬಹಳ ಗಟ್ಟಿಯಾಗಿದೆ. 'ಮೇಲ್ವಿಚಾರಣೆಗೆಂದು ನಿಯೋಜಿತರಾದ ಪಾಲಕರೊಬ್ಬರು ತಮ್ಮ ಸ್ಥಾನಕ್ಕೂ ವಯೋಮಾನಕ್ಕೂ ತಕ್ಕುದಲ್ಲದ ರೀತಿಯಲ್ಲಿ ಉಡುಪನ್ನು ಮೇಲೆತ್ತಿ ಕಟ್ಟಿ, ಬಂಡೆಯನ್ನೇರಿ, ಸಂಸ್ಥೆಯ ಘನತೆಗೆ ಧಕ್ಕೆ ತಂದಿರುತ್ತಾರೆ' ಎಂದಿದೆ. ಆಮೇಲಿನ ವಾಕ್ಯ ಇನ್ನೂ ಚೆನ್ನಾಗಿದೆ. ಮುಂದಿನ ವರ್ಷದಿಂದ ಶಿಬಿರದ ಬದಲು 'ವಿದ್ಯಾರ್ಥಿನಿಯರಿಗೆ ಪರ್ವತಗಳನ್ನು ಕುರಿತ ವಿಡಿಯೋವನ್ನು ಶಾಲೆಯ ಸಭಾಂಗಣದಲ್ಲಿಯೇ ತೋರಿಸಲಾಗುವುದು'. ಮಾನ್ಯರೇ, ಊಟದ ಹೊತ್ತಿಗೆ ಮಕ್ಕಳಿಗೆ ಹೋಳಿಗೆಯ ವಿಡಿಯೋ ತೋರಿಸುವ ಯೋಜನೆಯೂ ಮಂಡಳಿಯ ಮುಂದಿದೆಯೇ? ಆ ಸಭಾಂಗಣದಲ್ಲಿ ಕೂತು ಬೆಟ್ಟದ ಗಾಳಿಯನ್ನು ಕಲ್ಪಿಸಿಕೊಳ್ಳುವುದೇ ಒಂದು ಸಾಹಸ ಎಂದು ತಮ್ಮ ಅಭಿಪ್ರಾಯವಿದ್ದರೆ, ಅಲ್ಲಿನ ಫ್ಯಾನುಗಳನ್ನು ಬಲ್ಲವಳಾಗಿ ನಾನು ಅದನ್ನು ಒಪ್ಪುತ್ತೇನೆ.

ಈ ಘನತೆವೆತ್ತ ಹುದ್ದೆಯನ್ನು ನಾನು ಬೇಡಿ ಪಡೆದದ್ದಲ್ಲ ಎಂಬುದನ್ನು ಮೊದಲು ಹೇಳಬೇಕು. ಹೆಣ್ಣುಮಕ್ಕಳ ಶಿಬಿರಕ್ಕೆ ಶಿಕ್ಷಕಿಯ ಜೊತೆ ಒಬ್ಬ 'ಪ್ರೌಢ ಮಹಿಳಾ ಪಾಲಕರು' ಹೋಗಲೇಬೇಕೆಂಬ ನಿಯಮ ತಮ್ಮದೇ. ಪಾಲಕರ ಸಭೆಯಲ್ಲಿ ತಾವು ಅದನ್ನು ಓದಿ 'ಯಾರ ಬರತೀರಿ ತಾಯಂದಿರಾ?' ಎಂದು ಕೇಳಿದಾಗ ಅಲ್ಲಿದ್ದ ತಾಯಂದಿರೆಲ್ಲ ಒಮ್ಮೆಲೇ ತಮ್ಮ ತಮ್ಮ ಪರ್ಸಿನಲ್ಲಿ ಏನನ್ನೋ ಹುಡುಕತೊಡಗಿದರು. ನಾನೂ ಹುಡುಕುತ್ತಿದ್ದೆ. ಆಗ ಎದ್ದು ನಿಂತವರು ನನ್ನ ಗಂಡ ಗುರುಪಾದಪ್ಪ. ಅಮರಗೋಳದ ಮಾರುಕಟ್ಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಅವರು ಶಾಲೆಯ ಸಭೆಯಲ್ಲಿ ಅಲ್ಲಿಯವರೆಗೆ ಬಾಯಿ ತೆಗೆದವರಲ್ಲ.

'ನಮ್ಮಾಕಿ ಬರತಾಳ್ರಿ. ಮನ್ಯಾಗ ಏನೂ ಕೆಲಸ ಇರಂಗಿಲ್ಲ' ಎಂದರು.

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ತಾವೂ ತಟ್ಟಿದಿರಿ. ಚಪ್ಪಾಳೆ ತಟ್ಟದೆ ಇದ್ದವರು ಇಬ್ಬರೇ, ನಾನು ಮತ್ತು ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಮಗಳು ಮೈತ್ರೇಯಿ. ಮನೆಗೆ ಬಂದು ಅವಳು ಊಟ ಬಿಟ್ಟಳು. 'ಅವ್ವಾ, ನೀ ಬಂದ್ರ ನಾ ಹೋಗಂಗಿಲ್ಲ. ನೀ ಎಲ್ಲಾರ ಮುಂದ ನನಗ ಸ್ವೆಟರ್ ಹಾಕ್ಕೋ ಅಂತೀದಿ' ಎಂದಳು. ಎಲ್ಲರ ಮುಂದೆ ಅನ್ನುವುದಿಲ್ಲ ಎಂದು ಆಣೆ ಮಾಡಿದ ಮೇಲೆ ಊಟ ಮಾಡಿದಳು.

ಬಸ್ಸು ಹೊರಟ ಮುಂಜಾನೆಯ ತಮ್ಮ ಭಾಷಣ ಮಕ್ಕಳಿಗೆ ಇನ್ನೂ ನೆನಪಿದೆ. ಬಸ್ಸಿನೊಳಗೆ ಕೂತು, ಚಳಿಯಲ್ಲಿ, ಮೂತ್ರಕ್ಕೆ ಹೋಗಲೂ ಇಳಿಯಲಾಗದೆ ಕೇಳಿದ ಭಾಷಣವನ್ನು ಯಾರೂ ಲಗೂನ ಮರೆಯುವುದಿಲ್ಲ. 'ಹೆಣ್ಣು ಇನ್ನು ಒಲೆಯ ಮುಂದಿನ ಬೊಂಬೆಯಲ್ಲ. ಅವಳು ಬೆಟ್ಟ ಏರಬೇಕು, ಗಗನ ಮುಟ್ಟಬೇಕು' ಎಂದಿರಿ. ಆಮೇಲೆ ಹಸಿರು ನಿಶಾನೆ ಬೀಸಿದಿರಿ. ಆ ಮಾತಿಗೆ ವಯಸ್ಸಿನ ಮಿತಿ ಇದೆ ಎಂದು ಆಗಲೇ ಹೇಳಿದ್ದರೆ ನಾನು ಎಚ್ಚರದಿಂದ ಇರುತ್ತಿದ್ದೆ.

ಶಿಬಿರ ಇದ್ದದ್ದು ದಾಂಡೇಲಿ ದಾಟಿ ಮುಂದೆ, ಘಟ್ಟದ ಮೇಲೆ. ದಾರಿಯ ತಿರುವುಗಳಲ್ಲಿ ಅರ್ಧ ಬಸ್ಸು ವಾಂತಿ ಮಾಡಿಕೊಂಡಿತು. ಎಲ್ಲರಿಗಿಂತ ಹೆಚ್ಚು ಹಣ್ಣಾದವಳು ಶಾಯಿಸ್ತಾ. ಮೈತ್ರೇಯಿಯ ತರಗತಿಯ ಹುಡುಗಿ. ಉಣಕಲ್ಲಿನಲ್ಲಿ ಸ್ಕೂಟರ್ ಗ್ಯಾರೇಜು ಇಟ್ಟಿರುವ ಶರೀಫಸಾಬರ ಮಗಳು. ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಹಣೆಗೆ ಒದ್ದೆ ಕರವಸ್ತ್ರ ಹಾಕಿ, ನಿಂಬೆಹಣ್ಣು ಮೂಸಿಸುತ್ತ ಕರೆದೊಯ್ದೆ. ಇದು ಮೇಲ್ವಿಚಾರಣೆಯ ವ್ಯಾಪ್ತಿಯಲ್ಲಿ ಬರುತ್ತದೆ ಎಂದುಕೊಂಡಿದ್ದೇನೆ. ಬರದಿದ್ದರೆ ಸುತ್ತೋಲೆಗೆ ಇದನ್ನೂ ಸೇರಿಸಬಹುದು.

ಅಲ್ಲಿ ನನಗೆ ಕೊಟ್ಟದ್ದು ಒಂದು ಪ್ಲಾಸ್ಟಿಕ್ ಕುರ್ಚಿ. ಶಿಬಿರದ ಮುಖ್ಯಸ್ಥೆ ಸೌಂದರ್ಯಾ ಎಂಬ ಧಾರವಾಡದ ಹುಡುಗಿ. ವಯಸ್ಸು ನನ್ನ ಅರ್ಧ ಇರಬಹುದು, ಹಗ್ಗ ಕಟ್ಟುವುದನ್ನು ನೋಡಿದರೆ ಹಿಮಾಲಯದವರೆಗೆ ಹೋಗಿ ಬಂದವಳು ಎಂದು ಕೇಳದೆಯೇ ತಿಳಿಯುತ್ತದೆ. 'ಆಂಟಿ, ನೀವು ಆರಾಮ ಕುಂದರ್ರಿ' ಎಂದಳು. ಕುರ್ಚಿಯನ್ನು ಎಲ್ಲಿ ಇಟ್ಟರೂ ಒಂದು ಕಾಲು ಗಾಳಿಯಲ್ಲಿಯೇ ಇರುತ್ತಿತ್ತು. ಅದರ ಮೇಲೆ ತೂಗಾಡುತ್ತ ಕೂತು, ಮಕ್ಕಳು ಹಗ್ಗದ ಸೇತುವೆ ದಾಟುವುದನ್ನೂ, ಡೇರೆ ಹಾಕುವುದನ್ನೂ ನೋಡುತ್ತ, ಆಗಾಗ ಎಲ್ಲರೂ ಇದ್ದಾರೆಯೇ ಎಂದು ಎಣಿಸುತ್ತ ಮೊದಲ ದಿನ ಕಳೆದೆ. ಮಗಳಿಗೆ ಸ್ವೆಟರ್ ಹಾಕಿಕೋ ಎಂದು ಕಣ್ಣಿನಲ್ಲೇ ಹೇಳಿದೆ. ಅವಳು ಕಣ್ಣಿನಲ್ಲೇ ಬೈದಳು. ತಾವು ಬಯಸಿದ ಘನತೆ ಆ ದಿನ ಪೂರ್ತಿಯಾಗಿ ಇತ್ತು ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ಮರುದಿನ ಬಂಡೆಯ ಪಾಠ. ಎರಡು ಮಾಳಿಗೆಯ ಮನೆಗಿಂತ ತುಸು ಎತ್ತರದ ಕರಿಯ ಬಂಡೆ. ನಡುವೆ ಇಬ್ಬರು ಕೂಡುವಷ್ಟು ಒಂದು ಕಟ್ಟೆಯಂಥ ಜಾಗ. ಮಕ್ಕಳ ಸೊಂಟಕ್ಕೆ ಪಟ್ಟಿ ಬಿಗಿದು, ತಲೆಗೆ ಹೆಲ್ಮೆಟ್ ಹಾಕಿ, ಹಗ್ಗ ಕಟ್ಟಿ ಒಬ್ಬೊಬ್ಬರನ್ನೇ ಹತ್ತಿಸುತ್ತಿದ್ದರು. ಹಗ್ಗ ಬಂಡೆಯ ನೆತ್ತಿಯ ಮೇಲಿನ ಕೊಂಡಿಯಲ್ಲಿ ಹಾಯ್ದು ಮತ್ತೆ ಕೆಳಗೆ ಸೌಂದರ್ಯಾಳ ಕೈಗೆ ಬರುತ್ತಿತ್ತು. ಹತ್ತುವವಳು ಜಾರಿದರೂ ಬೀಳುವುದಿಲ್ಲ, ತೊಟ್ಟಿಲಿನ ಹಾಗೆ ತೂಗುತ್ತಾಳೆ ಅಷ್ಟೆ. ಇದನ್ನು ಏಕೆ ವಿವರಿಸುತ್ತೇನೆಂದರೆ, ತಮ್ಮ ಕಚೇರಿಯಲ್ಲಿ ತಾವು 'ಜೀವಕ್ಕ ಏನರ ಆಗಿದ್ರ?' ಎಂದು ಮೂರು ಸಲ ಕೇಳಿದಿರಿ. ಆಗುವಂತಿರಲಿಲ್ಲ.

ಶಾಯಿಸ್ತಾ ಎಲ್ಲರಿಗಿಂತ ಚುರುಕಾಗಿ ಹತ್ತಿದಳು. ನಡುವಿನ ಕಟ್ಟೆಯ ಮೇಲೆ ಕಾಲಿಟ್ಟವಳು ಒಮ್ಮೆ ಕೆಳಗೆ ನೋಡಿದಳು. ಅಷ್ಟೆ, ಅಲ್ಲಿಯೇ ಕುಸಿದು ಕೂತು, ಬಂಡೆಯ ಬಿರುಕಿನಿಂದ ಹೊರಟ ಒಂದು ಬೇರನ್ನು ತಬ್ಬಿ ಕಣ್ಣು ಮುಚ್ಚಿಬಿಟ್ಟಳು. ಸೌಂದರ್ಯಾ ಕೆಳಗಿನಿಂದ ಸಮಾಧಾನ ಹೇಳಿದಳು. ಶಾಲೆಯಿಂದ ಜೊತೆಗೆ ಬಂದಿದ್ದ ನಮ್ಮ ಸೌಮ್ಯಾ ಟೀಚರು ಕೈಮುಗಿದು ಯಾವ ಯಾವ ದೇವರಿಗೋ ಬೇಡಿಕೊಂಡರು. ಇನ್ನೊಬ್ಬ ತರಬೇತುದಾರ ದ್ಯಾಮಣ್ಣ ಪಕ್ಕದ ಹಗ್ಗ ಹಿಡಿದು ಅವಳ ಹತ್ತಿರಕ್ಕೆ ಹೋದ. ಅವನನ್ನು ಕಂಡದ್ದೇ ಹುಡುಗಿ ಚೀರಿದಳು.

'ಬರಬ್ಯಾಡ್ರಿ! ನೀವು ಬಂದ್ರ ನಾ ಬೀಳತೇನ್ರಿ!'

'ಯಾರೂ ಬೀಳಂಗಿಲ್ಲವಾ, ಹಗ್ಗ ಐತಿ' ಎಂದು ಅವನು ಅಂದ.

'ಬ್ಯಾಡ್ರಿ! ಮೈತ್ರೇಯಿ ಅಮ್ಮಿ ಬರಲಿ. ಆಂಟಿ ಬರಲಿ!'

ಮಾನ್ಯರೇ, ಆ ಗಳಿಗೆಯಲ್ಲಿ ಎಲ್ಲರೂ ನನ್ನ ಕುರ್ಚಿಯ ಕಡೆ ತಿರುಗಿದರು. ತಾವು ನನ್ನ ಸ್ಥಾನದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಮಂಡಳಿಯ ಸಭೆ ಕರೆಯುತ್ತಿದ್ದಿರೇ? ನಾನು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಇಳಿಸಲು ಏಣಿ ಹತ್ತಿದವಳೇ ಹೊರತು ಅದಕ್ಕಿಂತ ಮೇಲೆ ಎಂದೂ ಹೋದವಳಲ್ಲ. ನೀರಿನ ಟಾಕಿ ನೋಡಲು ಮಾಳಿಗೆಯ ಅಂಚಿಗೆ ಹೋದರೂ ನನಗೆ ತಲೆ ತಿರುಗುತ್ತದೆ. ಆದರೆ ಬಸ್ಸಿನಲ್ಲಿ ಒಂದು ಮಗು ನಮ್ಮ ತೊಡೆಯ ಮೇಲೆ ಮಲಗಿ ಬಂದಿದ್ದರೆ, ಅದು ಕರೆದಾಗ ಹೋಗಬೇಕಾಗುತ್ತದೆ. 'ನನಗ ಹಗ್ಗಾ ಕಟ್ಟ್ರಿ' ಎಂದೆ. ಸೌಂದರ್ಯಾ ನನ್ನ ಮುಖ ನೋಡಿದಳು, ಸೀರೆ ನೋಡಿದಳು, ಮತ್ತೆ ಮುಖ ನೋಡಿದಳು. 'ಸೀರಿ ಕಚ್ಚಿ ಹಾಕ್ಕೊಳ್ರಿ ಆಂಟಿ' ಎಂದಳು. ನಮ್ಮ ಅಜ್ಜಿಯರು ಹೊಲದಲ್ಲಿ ಹಾಗೆ ಕಟ್ಟಿಕೊಂಡೇ ದುಡಿದರು, ಘನತೆಯ ವಿಚಾರ ಅವರಿಗೆ ಯಾರೂ ಹೇಳಿರಲಿಲ್ಲ. ಡೇರೆಯೊಳಗೆ ಹೋಗಿ ಕಚ್ಚೆ ಹಾಕಿ ಬಂದೆ. ತಾವು ಬರೆದ 'ಮೇಲೆತ್ತಿ ಕಟ್ಟಿ' ಎಂಬುದು ಇದೇ. ದ್ಯಾಮಣ್ಣ ಕೆಳಗಿಳಿದು ಬಂದು ನನಗಾಗಿ ಬೇರೊಂದು ಹಗ್ಗ ಹಿಡಿದ.

ಮೊದಲ ಹೆಜ್ಜೆಗೇ ಜಾರಿದೆ. ಎರಡನೆಯದಕ್ಕೆ ಮೊಣಕಾಲು ಕೆತ್ತಿತು. ಕೆಳಗೆ ನನ್ನ ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತಿದ್ದಳು. ಹುಡುಗಿಯರು ಮೊದಮೊದಲು ನಕ್ಕರು. ನಾನು ಬಂಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು, ಮುಂದೆ ಕಾಲು ಎಲ್ಲಿಡಬೇಕೆಂದು ತಿಳಿಯದೆ, ನನ್ನ ಉಸಿರು ನನಗೇ ಕೇಳುವ ಹಾಗೆ ನಿಂತುಬಿಟ್ಟೆ. ನಿಜ ಹೇಳಬೇಕೆಂದರೆ ಅಲ್ಲಿಂದಲೇ ಇಳಿದುಬಿಡೋಣ ಅನ್ನಿಸಿತು. ಆಗ ಕೆಳಗಿನಿಂದ ಒಂದು ಧ್ವನಿ ಬಂತು.

'ಅವ್ವಾ! ಎಡಗಾಲ! ಎಡಗಾಲ ಮ್ಯಾಲ ಇಡು, ಅಲ್ಲಿ ಒಂದು ತೂತೈತಿ ನೋಡು!'

ಮೈತ್ರೇಯಿ. ಮುಖದಿಂದ ಕೈ ತೆಗೆದು, ಬಂಡೆಯ ಬುಡಕ್ಕೇ ಬಂದು ನಿಂತಿದ್ದಳು. ಎಡಗಾಲು ಇಟ್ಟೆ. 'ಈಗ ಬಲಗೈ! ಅದಲ್ಲವಾ, ಅದರ ಮ್ಯಾಲಿಂದು! ಹಾಂ!' ಎರಡು ವರ್ಷದಿಂದ ನನ್ನ ಜೊತೆ ಬಾಜಾರಕ್ಕೆ ಬರಲೂ ನಾಚುತ್ತಿದ್ದ ಹುಡುಗಿ, ಎಲ್ಲರ ಮುಂದೆ ಗಂಟಲು ಹರಿಯುವ ಹಾಗೆ ಕೂಗಿ ನನ್ನ ಒಂದೊಂದು ಕಾಲನ್ನೂ ಎತ್ತಿ ಇಡಿಸಿದಳು. ಅವಳು ಹೇಳಿದಲ್ಲಿ ಕಾಲಿಡುತ್ತ ಹೇಗೋ ಆ ಕಟ್ಟೆ ಮುಟ್ಟಿ ಶಾಯಿಸ್ತಾಳ ಪಕ್ಕಕ್ಕೆ ಕೂತೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೆವು. ಯಾರು ಯಾರಿಗೆ ಧೈರ್ಯ ಕೊಡುತ್ತಿದ್ದೆವೆಂದು ಈಗ ಹೇಳಲಾರೆ.

'ಇಳಿಯೋಣೇನವಾ?' ಎಂದೆ.

'ಒಲ್ಲೆ ಆಂಟಿ. ಅಬ್ಬಾ ಗ್ಯಾರೇಜಿಗೆ ಬಂದವರಿಗೆಲ್ಲಾ ಹೇಳ್ಯಾರ, ನನ್ನ ಮಗಳು ಗುಡ್ಡಾ ಏರಾಕ ಹೊಂಟಾಳ ಅಂತ. ಅರ್ಧಾ ಹತ್ತಿ ಇಳದ್ರ ಏನ ಅಂತಾರ?'

'ಹಂಗಾರ ಮ್ಯಾಲ ಹೋಗತೀ?'

'ಕಾಲ ಏಳವಲ್ಲವು.'

ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಹಾಗೆ ಕೂತಿರುವಾಗ ನನ್ನ ಸೊಂಟದ ಚೀಲದಲ್ಲಿದ್ದ ಫೋನು ಹೊಡೆದುಕೊಂಡಿತು. ಕೆಳಗೆ ಶಿಬಿರದಲ್ಲಿ ಎರಡು ದಿನ ಒಂದು ಕಡ್ಡಿ ನೆಟ್‌ವರ್ಕೂ ಇರಲಿಲ್ಲ. ಎತ್ತರಕ್ಕೆ ಬಂದದ್ದಕ್ಕೆ ಸಿಕ್ಕಿತ್ತು. ಒಂದು ಕೈಯಿಂದ ಬೇರು ಹಿಡಿದು, ಇನ್ನೊಂದು ಕೈಯಿಂದ ಗುಂಡಿ ಒತ್ತುವಾಗ ಬೆರಳು ತಪ್ಪಿ ಸ್ಪೀಕರ್ ಹತ್ತಿಬಿಟ್ಟಿತು. ನನ್ನ ಗಂಡನ ಧ್ವನಿ ಘಟ್ಟದ ತುಂಬ ಕೇಳಿಸಿತು.

'ಏ, ಕುಕ್ಕರಿನ ಶಿಟ್ಟಿ ಎಲ್ಲಿಟ್ಟೀ? ಎರಡು ದಿನಾ ಆತು ಹುಡುಕಾಕತ್ತು!'

'ಈಗ ಮಾತಾಡಾಕ ಆಗಂಗಿಲ್ರಿ. ನಾ ಬಂಡಿ ಮ್ಯಾಲ ಕುಂತೇನಿ.'

'ಯಾರ ಬಂಡಿ? ಬಸ್ಸು ಕೆಟ್ಟೈತೇನ?'

'ಆ ಬಂಡಿ ಅಲ್ರಿ. ಕಲ್ಲಿನ ಬಂಡಿ.'

'ಕಲ್ಲು ಹೇರೋ ಬಂಡ್ಯಾಗ ಯಾಕ ಹತ್ತಿದಿ? ಎತ್ತಾ ಟ್ರ್ಯಾಕ್ಟರಾ?'

ಪಕ್ಕದಲ್ಲಿ ಏನೋ ಅಲುಗಾಡಿದಂತಾಯಿತು. ಹುಡುಗಿ ಅಳುತ್ತಿದ್ದಾಳೆಂದು ತಿರುಗಿ ನೋಡಿದರೆ ಶಾಯಿಸ್ತಾ ಕಣ್ಣು ತೆರೆದಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಕೈ ಅಡ್ಡ ಹಿಡಿಯಬೇಕಾದರೆ ಬೇರನ್ನು ಬಿಡಬೇಕಲ್ಲ, ಬಿಟ್ಟಿದ್ದಳು. ನನಗೂ ನಗು ತಡೆಯಲಾಗಲಿಲ್ಲ. ಕೆಳಗೆ ಹುಡುಗಿಯರು, ಸೌಮ್ಯಾ ಟೀಚರು, ಹಗ್ಗ ಹಿಡಿದ ಸೌಂದರ್ಯಾ, ಎಲ್ಲರೂ ನಕ್ಕರು. 'ಯಾಕ ನಗಾಕತ್ತೀರಿ ಎಲ್ಲಾರೂ? ಶಿಟ್ಟಿ ಎಲ್ಲೈತಿ ಹೇಳ್ರಿ' ಎಂದು ಫೋನು ಒಂದೇ ಸಮನೆ ಕೇಳುತ್ತಿತ್ತು. ಶಾಯಿಸ್ತಾ ಫೋನಿನ ಕಡೆ ಬಗ್ಗಿ, 'ಅಂಕಲ್, ಸಾರಿನ ಡಬ್ರಿ ಒಳಗ ನೋಡ್ರಿ, ನಮ್ಮ ಅಮ್ಮಿ ಅಲ್ಲೇ ಇಡತಾಳ' ಎಂದಳು. ಸ್ವಲ್ಪ ಹೊತ್ತು ಪಾತ್ರೆಗಳ ಸದ್ದಾಯಿತು. 'ಸಿಕ್ಕತು!' ಎಂದರು, ಫೋನು ಇಟ್ಟರು.

ಶಾಯಿಸ್ತಾ ಮೂಗು ಒರೆಸಿಕೊಂಡು ಎದ್ದು ನಿಂತಳು. 'ಆಂಟಿ, ಮ್ಯಾಲ ಹೋಗೋಣೇನ್ರಿ?'

ನಾನು ಇಳಿಯುವ ತಯಾರಿಯಲ್ಲಿದ್ದೆ. ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು. ಆದರೆ ಆ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ. ಅವಳು ಮುಂದೆ, ನಾನು ಹಿಂದೆ. ಕೆಳಗಿನಿಂದ ಮೈತ್ರೇಯಿಯ ಧ್ವನಿ ಒಡೆದುಹೋಗುವವರೆಗೂ ಬರುತ್ತಲೇ ಇತ್ತು. ನೆತ್ತಿ ಮುಟ್ಟಿ ಕೂತಾಗ ಎದುರಿಗೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ಒಂದಕ್ಕಿಂತ ಒಂದು ತೆಳು ನೀಲಿ. ಗಾಳಿ ಬೀಸುತ್ತಿತ್ತು. ಅಷ್ಟು ದೊಡ್ಡ ಜಾಗದಲ್ಲಿ ನನ್ನನ್ನು ಏನನ್ನಾದರೂ ಕೇಳುವವರು ಒಬ್ಬರೂ ಇರಲಿಲ್ಲ. ಶಾಯಿಸ್ತಾ ನನ್ನ ಭುಜಕ್ಕೆ ಒರಗಿ 'ಅಬ್ಬಾಗ ಹೇಳಬೇಕು' ಎಂದಳು. ನಾನು ಯಾರಿಗೆ ಹೇಳಬೇಕೆಂದು ಯೋಚಿಸಿದೆ. ಯಾರ ಹೆಸರೂ ಹೊಳೆಯಲಿಲ್ಲ. ಅದರಿಂದ ಬೇಸರವೂ ಆಗಲಿಲ್ಲ.

ಇಲ್ಲಿಯವರೆಗಿನ ಕಥೆ ಕೇಳಿ, ಪಾಪ ಮಗುವಿಗಾಗಿ ಹತ್ತಿದಳು, ಕ್ಷಮಿಸಿಬಿಡೋಣ ಎಂದು ತಮ್ಮ ಮನಸ್ಸು ಮೆತ್ತಗಾಗಿದ್ದರೆ, ದಯವಿಟ್ಟು ತಡೆಯಿರಿ. ತಾವು ನೋಡಿದ ಫೋಟೋ ಆ ದಿನದ್ದಲ್ಲ. ಆ ದಿನ ಎಲ್ಲರೂ ಹಗ್ಗ ಹಿಡಿದೋ ದೇವರನ್ನು ಹಿಡಿದೋ ನಿಂತಿದ್ದರಿಂದ ಯಾರೂ ಫೋಟೋ ತೆಗೆಯಲಿಲ್ಲ. ಫೋಟೋ ಮರುದಿನದ್ದು. ಮರುದಿನ ಯಾವ ಮಗುವೂ ಬಂಡೆಯ ಮೇಲೆ ಸಿಕ್ಕಿಬಿದ್ದಿರಲಿಲ್ಲ, ಯಾರೂ ನನ್ನನ್ನು ಕರೆಯಲಿಲ್ಲ. ಮುಂಜಾನೆ ಎದ್ದು ನಾನೇ ಕಚ್ಚೆ ಹಾಕಿಕೊಂಡು ಸೌಂದರ್ಯಾಳ ಹತ್ತಿರ ಹೋಗಿ 'ಇನ್ನೊಮ್ಮೆ ಹತ್ತಲೇನವಾ?' ಎಂದು ಕೇಳಿದೆ. ಮೊದಲ ಸಲ ಹತ್ತಿದ್ದು ಶಾಯಿಸ್ತಾಳಿಗಾಗಿ. ಎರಡನೆಯ ಸಲ ಹತ್ತಿದ್ದು ನನಗಾಗಿ. ಅದೇ ಸಂತೋಷದಲ್ಲಿ ಮೇಲೆ ನಿಂತು ಎರಡೂ ಕೈ ಎತ್ತಿದ್ದೇನೆ. ಹೆಲ್ಮೆಟ್ಟು ಓರೆಯಾಗಿದೆ, ಬಾಯಿ ಪೂರ್ತಿ ತೆರೆದಿದೆ. ಸೌಮ್ಯಾ ಟೀಚರು ಪ್ರೀತಿಯಿಂದ ತೆಗೆದು, ಪಾಲಕರ ಗುಂಪಿಗೆ ಗುಲಾಬಿ ಹೂವಿನ ಸಮೇತ ಕಳಿಸಿದರು. ಅಪರಾಧ ಇದ್ದರೆ ಇದು. ನೆಪ ಹೇಳಿ ಜಾರಿಕೊಳ್ಳುವ ಉದ್ದೇಶ ನನಗಿಲ್ಲ.

ಆದರೆ ಶಿಕ್ಷೆ ಯಾರಿಗೆ ಆಯಿತು? ಸುತ್ತೋಲೆ ಬಂದ ಸಂಜೆ ನಾನು ಕೊತ್ತಂಬರಿ ತರಲು ಹೊರಟಾಗ ನಮ್ಮ ಓಣಿಯ ಭಾಗ್ಯಶ್ರೀ ಅಡ್ಡ ನಿಂತಳು. ತಮ್ಮದೇ ಶಾಲೆಯ ಎಂಟನೆಯ ತರಗತಿ. ಶಿಬಿರಕ್ಕೆ ಒಂಬತ್ತನೆಯವರನ್ನಷ್ಟೇ ಒಯ್ಯುತ್ತಾರಾದ್ದರಿಂದ ಬರುವ ವರ್ಷಕ್ಕಾಗಿ ಕಾದಿದ್ದವಳು. 'ಕಾಕೂ, ನೀವು ಯಾಕ ಹತ್ತಿದ್ರಿ? ನಿಮ್ಮಿಂದ ನಮ್ಮ ಕ್ಯಾಂಪ್ ಹೋತು' ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದಳು. ತಮ್ಮ ಇಡೀ ಸುತ್ತೋಲೆ ಮಾಡದ ಕೆಲಸವನ್ನು ಆ ಒಂದು ಪ್ರಶ್ನೆ ಮಾಡಿತು. ಕೊತ್ತಂಬರಿ ತರದೆ ಮನೆಗೆ ಬಂದೆ. ಮರುದಿನ ಮೈತ್ರೇಯಿ ಶಾಲೆಯಿಂದ ಬಂದವಳು, ನಾನು ಏನೂ ಕೇಳುವ ಮೊದಲೇ, 'ಅವ್ವಾ, ನಾ ಕ್ಲಾಸಿನ್ಯಾಗ ಎದ್ದು ನಿಂತು ಹೇಳೇನಿ. ಆ ಫೋಟೋದಾಗಿರಾಕಿ ನಮ್ಮವ್ವ ಅಂತ' ಎಂದಳು. ಅದನ್ನು ಕೇಳಿಯೇ ತಮ್ಮ ಕಚೇರಿಗೆ ಬರುವ ಧೈರ್ಯ ಬಂತು.

ಆ ಭೇಟಿಯನ್ನು ತಾವು ಮರೆತಿರಬಹುದು, ನೆನಪಿಸುತ್ತೇನೆ. ನಾವು ಗಂಡ ಹೆಂಡತಿ ಇಬ್ಬರೂ ತಮ್ಮ ಮುಂದೆ ಕೂತಿದ್ದೆವು. ಚಹಾ ಒಂದೇ ಕಪ್ಪು ಬಂತು, ಅದು ಅವರ ಮುಂದೆ ಬಂತು. ತಾವು ಮೊಬೈಲಿನಲ್ಲಿ ನನ್ನ ಫೋಟೋ ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿ, ನಾನು ಅಲ್ಲಿ ಕೂತಿರುವಾಗಲೇ ಅವರಿಗೆ ತೋರಿಸಿದಿರಿ.

'ಗುರುಪಾದಪ್ನೋರ, ನೀವಾದ್ರೂ ಒಂದು ಮಾತು ಹೇಳಬಾರದೇನ್ರಿ?'

ನಮ್ಮವರು ಚಹಾ ಕಪ್ಪನ್ನು ನನ್ನ ಕಡೆ ಸರಿಸಿದರು. 'ಹೇಳಬೇಕಂತ ಫೋನ್ ಹಚ್ಚಿದ್ನೆರಿ. ಆದ್ರ ಕುಕ್ಕರಿನ ಶಿಟ್ಟಿ ಕೇಳೋದರಾಗ ಮರತೆ' ಎಂದರು.

'ಚಾಷ್ಟಿ ಬ್ಯಾಡ್ರಿ. ಸಂಸ್ಥಾದ ಮರ್ಯಾದಿ ಪ್ರಶ್ನೆ ಇದು.'

'ಚಾಷ್ಟಿ ಅಲ್ಲರಿ. ಸಭಾದಾಗ ನಾನ ಎದ್ದು ನಿಂತು ಹೇಳಿದ್ದೆ, ಇಕಿಗೆ ಮನ್ಯಾಗ ಕೆಲಸಾ ಇರಂಗಿಲ್ಲ ಅಂತ. ನಾಕ ದಿನಾ ಮನ್ಯಾಗ ಒಬ್ಬನ ಇದ್ದೆ. ಕೆಲಸ ಐತ್ರಿ. ಭಾಳ ಐತ್ರಿ. ಇನ್ನ ನೀವು ಮಾತಾಡೂದಿದ್ರ ಅಕಿ ಕೂಡ ಮಾತಾಡ್ರಿ, ಅಕೀನ ಹತ್ತಿದಾಕಿ.'

ಮದುವೆಯಾದ ಮೇಲೆ ಅವರು ನನ್ನ ಬಗ್ಗೆ ಹೊರಗಿನವರ ಮುಂದೆ ಆಡಿದ ಅತಿ ಉದ್ದದ ಮಾತು ಅದು. ಆಗಲೂ ತಾವು ನನ್ನ ಕಡೆ ತಿರುಗಲಿಲ್ಲ. 'ಮಂಡಳಿ ಮುಂದ ಇಡತೇನಿ' ಎಂದು ಕಿಟಕಿಗೆ ಹೇಳಿದಿರಿ.

ಮಾನ್ಯರೇ, ಕೆಲವು ವಿಷಯ ನನಗೆ ತಿಳಿಯುತ್ತಿಲ್ಲ. ಬಂಡೆಯ ಮೇಲೆ ಕೂತು ಅಳುವ ಮಗುವನ್ನು ಕೆಳಗಿನಿಂದ ನೋಡುತ್ತ ಕುರ್ಚಿಯಲ್ಲಿಯೇ ಇದ್ದಿದ್ದರೆ ಘನತೆ ಉಳಿಯುತ್ತಿತ್ತೇ? ಸಂಸ್ಥೆಯ ಘನತೆ ಎಂಬುದು ಒಬ್ಬ ಹೆಂಗಸಿನ ಸೀರೆಯ ಅಂಚಿನಿಂದ ನೆಲಕ್ಕೆ ಇರುವ ಅಂತರದಲ್ಲಿ ಇದೆಯೇ? ಇದ್ದರೆ ಅಷ್ಟು ಸಣ್ಣ ಜಾಗದಲ್ಲಿ ಅದನ್ನು ಯಾರು ಇಟ್ಟರು? ಹೆಣ್ಣುಮಕ್ಕಳು ಗಗನ ಮುಟ್ಟಬೇಕು ಎಂದು ಬಸ್ಸು ನಿಲ್ಲಿಸಿ ಹೇಳುವವರು, ಆ ಹೆಣ್ಣುಮಕ್ಕಳ ತಾಯಿ ಎರಡು ಮಾಳಿಗೆ ಎತ್ತರ ಮುಟ್ಟಿದ್ದಕ್ಕೆ ಇಷ್ಟು ಗಾಬರಿಯಾಗುವುದೇಕೆ? ಅಂದಹಾಗೆ, ಶಾಯಿಸ್ತಾಳ ತಾಯಿ ಮಾಬೂಬಿ ನಮ್ಮ ಮನೆಗೆ ಶಿರಕುರ್ಮಾದ ಡಬ್ಬಿ ಕಳಿಸಿದ್ದರು. ಗ್ಯಾರೇಜಿನ ಗೋಡೆಯ ಮೇಲೆ, ಟೈರುಗಳ ನಡುವೆ, ಮಗಳು ಬಂಡೆಯ ನೆತ್ತಿಯ ಮೇಲೆ ನಿಂತ ಫೋಟೋ ಹಾಕಿದ್ದಾರಂತೆ. ಆ ಹುಡುಗಿಯೂ ಮರುದಿನ ನನ್ನ ಹಾಗೆಯೇ ಮತ್ತೊಮ್ಮೆ ಹತ್ತಿದ್ದಳು. ಶರೀಫಸಾಬರು ಗಿರಾಕಿಗಳಿಗೆ ಮೊದಲು ಅದನ್ನು ತೋರಿಸಿ ಆಮೇಲೆ ಸ್ಕೂಟರಿನ ತೊಂದರೆ ಕೇಳುತ್ತಾರಂತೆ. ಘನತೆ ಅಲ್ಲಿಗೆ ಹೋಗಿ ಕೂತಿದೆಯೋ ಏನೋ, ಒಮ್ಮೆ ಹೋಗಿ ನೋಡಿ ಬನ್ನಿ.

ಇನ್ನೊಂದು ಸಂಗತಿ ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಸಂಬಂಧಪಟ್ಟವರೇ 'ಖರೇ ಬರೀರಿ' ಎಂದು ಒತ್ತಾಯ ಮಾಡಿದ್ದರಿಂದ ಬರೆಯುತ್ತಿದ್ದೇನೆ. ಕಳೆದ ಗುರುವಾರ ಮಧ್ಯಾಹ್ನ ನನಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ವಯಸ್ಸಾದ, ಮೆಲುದನಿಯ ಹೆಂಗಸು. ತಮ್ಮ ಪರಿಚಯ ಹೇಳಿಕೊಂಡಾಗ ನಾನು ಎದ್ದು ನಿಂತುಬಿಟ್ಟೆ. ಮಾನ್ಯರೇ, ಅವರು ತಮ್ಮ ಧರ್ಮಪತ್ನಿ.

'ಜಯಮಾಲಾ ಅವರ, ನಮ್ಮನಿಯವರು ನಿಮ್ಮ ಫೋಟೋ ತೋರಿಸಿ, ನೋಡು ಹೆಂಗ ಆಡತಾರ ಈ ವಯಸ್ಸಿನ್ಯಾಗ ಅಂತ ಬೈಯಾಕತ್ತಿದ್ರು. ನಾ ಫೋನ್ ಇಸಗೊಂಡು ನೋಡೇ ನೋಡಿದೆ. ಭಾಳ ಹೊತ್ತು ನೋಡಿದೆ. ತಿರಗಿ ಕೊಡಾಕ ಮನಸ್ಸಾಗಲಿಲ್ಲ. ಅಲ್ಲವಾ, ಅಲ್ಲಿ ಮ್ಯಾಲ ನಿಂತ್ರ ಹೆಂಗ ಅನಸತೈತಿ?'

ನಾನು ಗಾಳಿಯ ವಿಷಯ ಹೇಳಿದೆ, ಬೆಟ್ಟದ ಹಿಂದಿನ ಬೆಟ್ಟಗಳನ್ನು ಹೇಳಿದೆ.

'ಮೊಣಕಾಲ ನೋವು ಇದ್ದವರನ್ನ ಹತ್ತಸ್ತಾರೇನ್ರಿ?'

'ಮೊಣಕಾಲಿಗೂ ಪಟ್ಟಿ ಕಟ್ಟತಾರ್ರಿ ಅಕ್ಕಾರ. ನಿಧಾನ ಹತ್ತಿದ್ರಾತು.'

'ಹಂಗಾರ ಬರೋ ವರ್ಷದ ಪಾಲಕರ ಜಾಗಾಕ್ಕ ನನ್ನ ಹೆಸರು ಹೇಳ್ರಿ. ಮಗಳು ಇಲ್ಲ ಅಂದ್ರ ಏನಾತು, ಸಂಸ್ಥಾದ ಹುಡುಗ್ಯಾರೆಲ್ಲಾ ನನ್ನ ಮಕ್ಕಳು ಅಂತ ಇವರು ಭಾಷಣದಾಗ ಹೇಳತಾರಲ್ಲ.'

'ನೀವು ಮನ್ಯಾಗ ಅವರಿಗೇ ಹೇಳಬಹುದಲ್ಲರಿ?' ಎಂದೆ.

'ಮೂವತ್ತೆಂಟು ವರ್ಷ ಹೇಳಾಕತ್ತೇನಿ. ಅವರು ಮುಂಜಾನೆ ಪೇಪರಷ್ಟ ಓದತಾರ. ಅದರಾಗ ಬರೀರಿ' ಎಂದರು.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ ಸ್ಪಷ್ಟವಾಗಿದೆ. ಸುತ್ತೋಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಈಗ ಎಂಟನೆಯಲ್ಲಿರುವ ಹುಡುಗಿಯರಿಗೆ ಬರುವ ಚಳಿಗಾಲದಲ್ಲಿ ಬೆಟ್ಟದ ಶಿಬಿರ ನಡೆಯಲೇಬೇಕು. ನನ್ನನ್ನು ಪಾಲಕಿಯಾಗಿ ಇನ್ನು ಮುಂದೆ ಕಳಿಸಕೂಡದೆಂದು ಮಂಡಳಿ ಠರಾವು ಮಾಡಿದರೆ ತಕರಾರಿಲ್ಲ. ನಾನು ಸ್ವಂತ ಬಸ್ಸಿನ ಟಿಕೆಟಿನಲ್ಲಿ ಸೌಂದರ್ಯಾಳ ಶಿಬಿರಕ್ಕೆ ಹೋಗಿಬರುತ್ತೇನೆ, ಮಾತಾಗಿದೆ. ನನ್ನ ಜಾಗಕ್ಕೆ ಯಾರನ್ನು ಕಳಿಸಬೇಕೆಂಬುದನ್ನು ಮೇಲೆ ತಿಳಿಸಿದ್ದೇನೆ. ಉತ್ತರವನ್ನು ನನಗಾಗಲಿ ನನ್ನ ಗಂಡನಿಗಾಗಲಿ ಕೊಡುವ ಅವಶ್ಯಕತೆಯಿಲ್ಲ. ಈ ಪುಟವನ್ನು ಮಡಚಿಟ್ಟು, ತಲೆಯೆತ್ತಿ, ಎದುರಿಗೆ ಚಹಾ ಹಿಡಿದು ನಿಂತವರಿಗೆ ಕೊಟ್ಟರೆ ಸಾಕು.

ಇಂತಿ,
ತಮ್ಮ ಶಾಲೆಗೆ ಇನ್ನೂ ಒಂದು ವರ್ಷ ಮಗಳನ್ನು ಕಳಿಸಬೇಕಾಗಿರುವುದರಿಂದ ಕೈಲಾದಷ್ಟು ಮೆತ್ತಗೆ ಬರೆದಿರುವ,
ಜಯಮಾಲಾ ಗುರುಪಾದಪ್ಪ ಅಂಗಡಿ
ಬೈರಿದೇವರಕೊಪ್ಪ, ಹುಬ್ಬಳ್ಳಿ